ಶಾಖ ಏರಿಸುವ ಮೊದಲು ಗಾಳಿ ನೋಡಿ: ಮನೆಯ ಡಿಹೈಡ್ರೇಟರ್ ಸರಿಯಾಗಿ ಒಣಗಿಸದಿದ್ದಾಗ

ಮೇಲಿನ ತಟ್ಟೆಯ ಮೆಣಸಿನಕಾಯಿ 14 ಗಂಟೆ ಕಳೆದರೂ ಬಗ್ಗುತ್ತಿತ್ತೇ ಹೊರತು ಮುರಿಯುತ್ತಿರಲಿಲ್ಲ. ಕೆಳಗಿನ ತಟ್ಟೆಯದು ಕಂದಾಗಿ ಸೀದ ವಾಸನೆ ಹಿಡಿದಿತ್ತು. ಒಂದೇ ಯಂತ್ರ, ಒಂದೇ ರಾತ್ರಿ, ಒಂದೇ ಮಜ್ಜಿಗೆಯಲ್ಲಿ ನೆನೆದ ಕಾಯಿ.

ಚಿತ್ರದುರ್ಗದಲ್ಲಿ ಬೇಸಿಗೆಯಾಗಿದ್ದರೆ ಬಾಳಕದ ಮೆಣಸಿನಕಾಯಿಗೆ ಯಂತ್ರವೇ ಬೇಡ. ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿದರೆ ನಾಲ್ಕೈದು ದಿನಕ್ಕೆ ಗಲಗಲ ಎನ್ನುತ್ತದೆ. ಆದರೆ ದಾವಣಗೆರೆಯ ಅಕ್ಕನ ಮನೆಯಲ್ಲಿ ಶ್ರಾವಣದ ಆರಂಭಕ್ಕೆ ಮದುವೆ ಗೊತ್ತಾಗಿತ್ತು, ಕಾಯಿ ಒಣಗಿಸಬೇಕಾದದ್ದು ಆಷಾಢದಲ್ಲಿ. ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿಗೆ ಹಾಸಿದ ಬಟ್ಟೆಯೇ ನಿಲ್ಲುವುದಿಲ್ಲ, ನಡುನಡುವೆ ತುಂತುರು ಬೇರೆ. ಹಾಗಾಗಿ ಎರಡು ವರ್ಷದಿಂದ ಮನೆಯಲ್ಲಿದ್ದ ಐದು ತಟ್ಟೆಯ, 500 ವ್ಯಾಟ್‌ನ ಡಿಹೈಡ್ರೇಟರ್, ಅಂದರೆ ಬಿಸಿಗಾಳಿ ಹಾಯಿಸಿ ಒಣಗಿಸುವ ಯಂತ್ರದ ಮೇಲೆಯೇ ಎಲ್ಲ ಭಾರ ಬಿತ್ತು. ಮೊದಲು ಒಂಬತ್ತು ಗಂಟೆಯಲ್ಲಿ ಮುಗಿಯುತ್ತಿದ್ದ ಒಂದು ಸರದಿ ಈಗ ರಾತ್ರಿಯಿಡೀ ಓಡಿಸಿದರೂ ಮುಗಿಯಲಿಲ್ಲ. ಶಾಖ ಸಾಲುತ್ತಿಲ್ಲ ಎಂದುಕೊಂಡು ನಾನು 55 ಡಿಗ್ರಿಯಲ್ಲಿದ್ದ ಗುಂಡಿಯನ್ನು 70ಕ್ಕೆ ತಿರುಗಿಸಿದೆ. ಮರುದಿನ ಕೆಳಗಿನ ತಟ್ಟೆ ಪೂರ್ತಿ ಸೀದಿತ್ತು, ಮೇಲಿನದು ಹಾಗೆಯೇ ಹಸಿಯಾಗಿತ್ತು. ಮೂರನೆಯ ರಾತ್ರಿ ಫ್ಯಾನ್ ತಿರುಗುತ್ತಿತ್ತು, ಶಾಖವೇ ಇರಲಿಲ್ಲ.

ಇದು ಮೂರು ಬೇರೆ ಬೇರೆ ದೋಷವಲ್ಲ, ಒಂದೇ ದೋಷದ ಮೂರು ಮೆಟ್ಟಿಲು. ಯಂತ್ರದ ತಳದ ಜಾಲರಿ ಕಟ್ಟಿಕೊಂಡು ಒಳಗೆ ಬರುವ ಗಾಳಿ ಕಡಿಮೆಯಾಗಿತ್ತು. ಗಾಳಿ ಕಡಿಮೆಯಾದರೆ ಶಾಖ ಕೊಡುವ ಕಾಯಿಲ್‌ನ ಶಾಖ ಮೇಲಕ್ಕೆ ಹೋಗದೆ ಅಲ್ಲೇ ಸುತ್ತಮುತ್ತ ನಿಲ್ಲುತ್ತದೆ. ಕಾಯಿಲ್ ಹತ್ತಿರವೇ ಕುಳಿತಿರುವ ಥರ್ಮೋಸ್ಟ್ಯಾಟ್ ಬೇಕಾದಷ್ಟು ಬಿಸಿಯಾಯಿತೆಂದು ತಿಳಿದು ಕಾಯಿಲ್ ಅನ್ನು ಬೇಗ ಆರಿಸುತ್ತದೆ. ಹೀಗಾಗಿ ಕೆಳಗೆ ಸೀಯುತ್ತದೆ, ಮೇಲೆ ಒಣಗುವುದಿಲ್ಲ. ಅಂಥ ಹೊತ್ತಿನಲ್ಲಿ ಗುಂಡಿ ಏರಿಸಿದರೆ ಕಾಯಿಲ್ ಸುತ್ತ ಶಾಖ ಮಿತಿಮೀರಿ, ರಕ್ಷಣೆಗೆಂದು ಕೂರಿಸಿದ ಥರ್ಮಲ್ ಫ್ಯೂಸ್ ಹೋಗಿಬಿಡುತ್ತದೆ. ನನ್ನ ಯಂತ್ರದಲ್ಲಿ ಆದದ್ದು ಇದೇ. ಆಮೇಲೆ ನೆರೆಹೊರೆಯವರ ನಾಲ್ಕೈದು ಯಂತ್ರಗಳನ್ನು ಬಿಚ್ಚಿ ನೋಡಿದ್ದೇನೆ. ಶಾಖದ ದೋಷವೆಂದು ತಂದವುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಗಾಳಿಯ ದೋಷವೇ ಆಗಿದ್ದವು. ಹಾಗಾಗಿ ಹುಡುಕಾಟವನ್ನು ಗಾಳಿಯಿಂದ ಶುರುಮಾಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಗಾಳಿ ಎಲ್ಲಿ ನಿಂತಿದೆ

ಮೊದಲು ಖಾಲಿ ತಟ್ಟೆಗಳನ್ನು ಜೋಡಿಸಿ, ಮುಚ್ಚಳದ ಕಿಂಡಿಗಳನ್ನು ತೆರೆದು, ಯಂತ್ರ ಓಡಿಸಿ. ಮುಚ್ಚಳದ ಮೇಲೆ ಅಂಗೈ ಹಿಡಿದರೆ ಉಸಿರಿನಂತೆ ಗಾಳಿ ತಾಗಬೇಕು. ಕೈಗೆ ಸಂಶಯವಾದರೆ ಹೂ ಕಟ್ಟುವ ದಾರದ ಒಂದು ಗೇಣು ಎಳೆಯನ್ನು ಕಿಂಡಿಯ ಮೇಲೆ ಹಿಡಿಯಿರಿ. ಚೆನ್ನಾಗಿರುವ ಯಂತ್ರದಲ್ಲಿ ಎಳೆ ಓರೆಯಾಗಿ ಎದ್ದು ನಿಲ್ಲುತ್ತದೆ. ನನ್ನದರಲ್ಲಿ ಅದು ಜೋತುಬಿದ್ದಿತ್ತು, ಆಗೊಮ್ಮೆ ಈಗೊಮ್ಮೆ ತುದಿ ಮಾತ್ರ ಅಲುಗುತ್ತಿತ್ತು. ಇನ್ನು ತಟ್ಟೆಗಳ ಸಂದಿಯ ಪಕ್ಕದಲ್ಲಿ ಊದುಬತ್ತಿ ಹಿಡಿದು ನಿಧಾನವಾಗಿ ಸುತ್ತ ಬನ್ನಿ. ಎಲ್ಲಿ ಹೊಗೆ ಆಚೆಗೆ ತಳ್ಳಲ್ಪಡುತ್ತದೆಯೋ ಅಲ್ಲಿ ತಟ್ಟೆ ಸೊಟ್ಟಗಾಗಿದೆ, ಮೇಲೆ ಹೋಗಬೇಕಾದ ಗಾಳಿ ಅಲ್ಲೇ ಸೋರುತ್ತಿದೆ.

ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಒಂದಿದೆ, ಅರ್ಧ ಗಂಟೆ ಬೇಕು. ಹಳೆಯ ಪಂಚೆಯಿಂದ ಒಂದೇ ಅಳತೆಯ ಐದು ತುಂಡು ಕತ್ತರಿಸಿ, ನೀರಲ್ಲಿ ಅದ್ದಿ, ಹಿಂಡಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದುಕೊಳ್ಳಿ. ತಟ್ಟೆಗೊಂದರಂತೆ ಹಾಸಿ 50 ಡಿಗ್ರಿಯಲ್ಲಿ 30 ನಿಮಿಷ ಓಡಿಸಿ, ಮತ್ತೆ ತೂಗಿ. ನನ್ನ ಯಂತ್ರದ ಕೆಳಗಿನ ತಟ್ಟೆಯಲ್ಲಿ 38 ಗ್ರಾಂ ಇದ್ದ ಬಟ್ಟೆ 14 ಗ್ರಾಂಗೆ ಇಳಿದಿತ್ತು, ಮೇಲಿನದು 38ರಿಂದ 31ಕ್ಕೆ. ತಳದಲ್ಲಿ ಫ್ಯಾನ್ ಇರುವ ಯಂತ್ರದಲ್ಲಿ ಕೆಳಗಿನ ತಟ್ಟೆ ಸ್ವಲ್ಪ ಬೇಗ ಒಣಗುವುದು ಸಹಜ, ಅದಕ್ಕೇ ನಡುವೆ ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸುತ್ತೇವೆ. ಆದರೆ ಮೇಲಿನ ಬಟ್ಟೆ ಕಳೆದುಕೊಂಡ ನೀರು ಕೆಳಗಿನದರ ಅರ್ಧಕ್ಕಿಂತ ಕಡಿಮೆಯಾದರೆ ಗಾಳಿಯ ದಾರಿ ಕಟ್ಟಿಕೊಂಡಿದೆ ಎಂದೇ ಹಿಡಿಯಿರಿ. ಎಲ್ಲ ತಟ್ಟೆಗಳೂ ಸಮನಾಗಿ ನಿಧಾನವಾದರೆ ಮಾತ್ರ ಶಾಖದ ಕಡೆ ನೋಡಬೇಕು.

ಯಂತ್ರ ಬಿಚ್ಚುವ ಮೊದಲು ಹೊರಗಿನ ಕಾರಣಗಳನ್ನು ತಳ್ಳಿಹಾಕಿ. ಯಂತ್ರ ಗೋಡೆಗೆ ಒತ್ತಿಕೊಂಡಿದೆಯೇ? ಸುತ್ತ ಒಂದು ಗೇಣು ಜಾಗ ಬೇಕು. ತಳದಿಂದ ಗಾಳಿ ಎಳೆಯುವ ಯಂತ್ರದ ಕೆಳಗೆ ಟವೆಲ್ ಅಥವಾ ಪತ್ರಿಕೆ ಹಾಸಿದ್ದೀರಾ? ಅದು ಜಾಲರಿಗೆ ಅಂಟಿಕೊಂಡು ಉಸಿರು ಕಟ್ಟಿಸುತ್ತದೆ. ಸಂಡಿಗೆ ಹಿಟ್ಟು ಹಾಕಲೆಂದು ಪ್ಲಾಸ್ಟಿಕ್ ಹಾಳೆಯನ್ನು ತಟ್ಟೆಯ ಅಂಚಿನಿಂದ ಅಂಚಿಗೆ ಹಾಸಿದರೆ ಅದರ ಮೇಲಿನ ತಟ್ಟೆಗಳಿಗೆ ಏನೂ ತಲುಪುವುದಿಲ್ಲ. ಪಕ್ಕದಲ್ಲೇ ಕುಕ್ಕರ್ ಕೂಗುತ್ತಿದ್ದರೆ ಆ ಹಬೆಯನ್ನೇ ಯಂತ್ರ ಎಳೆದುಕೊಳ್ಳುತ್ತದೆ. ಈ ಯಾವುದೂ ಅಲ್ಲವಾದರೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ.

ಬಿಚ್ಚಿದಾಗ ಕಂಡದ್ದು

ಪ್ಲಗ್ ಕಿತ್ತು ಒಂದು ಗಂಟೆ ಆರಲು ಬಿಡಿ. ವಾರಂಟಿ ಇನ್ನೂ ಇದ್ದರೆ ಬಿಚ್ಚುವುದು ಬೇಡ, ಸರ್ವಿಸ್‌ನವರಿಗೇ ಕೊಡಿ. ಇಲ್ಲವಾದರೆ ಯಂತ್ರವನ್ನು ಬೋರಲು ಹಾಕಿ, ತಳದ ಸ್ಕ್ರೂ ತೆಗೆದು, ಯಾವ ವೈರ್ ಎಲ್ಲಿದೆ ಎಂಬುದನ್ನು ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಈ ಫೋಟೊ ಇಲ್ಲದೆ ಮುಂದಕ್ಕೆ ಹೋಗಬೇಡಿ.

ನನ್ನ ಯಂತ್ರದ ಜಾಲರಿಯ ಮೇಲೆ ಕಂಬಳಿಯಂಥ ಒಂದು ಪದರ ಕೂತಿತ್ತು. ಬೆರಳಲ್ಲಿ ಎತ್ತಿದರೆ ಇಡೀ ಪದರವೇ ಕಿತ್ತು ಬಂತು: ನಮ್ಮೂರಿನ ಕೆಂಪು ಧೂಳು, ಈರುಳ್ಳಿಯ ಸಿಪ್ಪೆಯ ಚೂರು, ತಲೆಗೂದಲು, ಎಲ್ಲ ಒತ್ತಿ ಹೆಣೆದಂತೆ. ಎರಡು ವರ್ಷದಲ್ಲಿ ಒಮ್ಮೆಯೂ ತಳ ತಿರುಗಿಸಿ ನೋಡಿರಲಿಲ್ಲ. ಅಕ್ಕನ ಯಂತ್ರದಲ್ಲಿ ಇದೇ ಪದರ ಕಪ್ಪಗಿತ್ತು. ಅವಳ ಮನೆ ಮಂಡಕ್ಕಿ ಭಟ್ಟಿಗಳಿಂದ ದೂರವಿಲ್ಲ, ಕಿಟಕಿಯ ಪಕ್ಕ ಇಟ್ಟ ಯಂತ್ರಕ್ಕೆ ಬೂದಿ, ಮಸಿ ಸೇರಿಕೊಂಡಿದ್ದವು. ಚಳ್ಳಕೆರೆಯ ನೆಂಟರ ಯಂತ್ರದಲ್ಲಿ ಶೇಂಗಾ ಸಿಪ್ಪೆಯ ಹೊಟ್ಟು. ಆಯಾ ಊರಿನ ಧೂಳು ಆಯಾ ಯಂತ್ರದಲ್ಲಿ.

ಜಾಲರಿ ತೆಗೆದ ಮೇಲೆ ಫ್ಯಾನ್ ಕಂಡಿತು. ರೆಕ್ಕೆಗಳ ಮುಂದಂಚಿನಲ್ಲಿ ಬಿಳಿ-ಕಂದು ಬಣ್ಣದ ಹೊಪ್ಪಳೆ, ಉಗುರಿನಿಂದ ಕೆರೆದರೆ ಹರಳು ಹರಳಾಗಿ ಉದುರುತ್ತಿತ್ತು. ತಟ್ಟೆಗಳಿಂದ ತೊಟ್ಟಿಕ್ಕಿದ ಮಜ್ಜಿಗೆ ಫ್ಯಾನ್ ಮೇಲೆ ಬಿದ್ದು, ಒಣಗಿ, ಮತ್ತೆ ಬಿದ್ದು ಪದರವಾಗಿತ್ತು. ಅದರ ಉಪ್ಪು ಹರಳುಗಟ್ಟಿತ್ತು. ನಾಲ್ಕು ರೆಕ್ಕೆಗಳಲ್ಲಿ ಒಂದರ ಮೇಲೆ ಮಾತ್ರ ದಪ್ಪಗಿತ್ತು. ಯಂತ್ರ ಕೆಲವು ತಿಂಗಳಿಂದ ಗಡಗಡ ಅದುರುತ್ತಿದ್ದುದಕ್ಕೆ ಕಾರಣ ಆಗ ತಿಳಿಯಿತು. ತೂಕ ಒಂದು ಕಡೆ ಎಳೆದರೆ ಫ್ಯಾನ್ ಅದುರುತ್ತದೆ, ಅದುರಿ ಅದುರಿ ಅಕ್ಷವನ್ನು ಹಿಡಿದಿರುವ ಬುಷ್ ಸವೆಯುತ್ತದೆ. ಉಪ್ಪು ತಾಗಿದ ಸ್ಕ್ರೂಗಳ ತಲೆಯ ಮೇಲೆ ತುಕ್ಕು ಬಂದಿತ್ತು, ಏಕೆಂದರೆ ಉಪ್ಪು ಮಳೆಗಾಲದ ಗಾಳಿಯ ತೇವವನ್ನು ಎಳೆದು ಇಟ್ಟುಕೊಳ್ಳುತ್ತದೆ.

ಇಲ್ಲಿ ನೀರು ಸುರಿಯಬೇಡಿ. ಒಣ ಪೇಂಟ್ ಬ್ರಷ್‌ನಿಂದ ಮೊದಲು ಧೂಳು ತೆಗೆದು, ಆಮೇಲೆ ತಣ್ಣೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಒಂದೊಂದು ರೆಕ್ಕೆಯ ಮೇಲೆ ಎರಡು ನಿಮಿಷ ಒತ್ತಿ ಹಿಡಿದರೆ ಹೊಪ್ಪಳೆ ಮೆತ್ತಗಾಗಿ ಒರೆಸಿಕೊಂಡು ಬರುತ್ತದೆ. ಚಾಕುವಿನಿಂದ ಕೆರೆಯುವುದು ಬೇಡ, ರೆಕ್ಕೆ ಸೀಳುತ್ತದೆ. ಸ್ಟೀಲ್ ಸ್ಕ್ರಬ್ಬರ್ ಅಂತೂ ಈ ಯಂತ್ರದ ಹತ್ತಿರವೇ ಸುಳಿಯಬಾರದು. ಅದರ ಒಂದು ಎಳೆ ಕಾಯಿಲ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಕಾಯಿಲ್ ಅನ್ನು ಬ್ರಷ್‌ನಿಂದ ಮೃದುವಾಗಿ ಮಾತ್ರ ಸವರಿ. ಅದನ್ನು ಹಿಡಿದಿರುವ ಅಭ್ರಕದ ಹಾಳೆ ಅಥವಾ ಪಿಂಗಾಣಿ ತುಂಡು ಬೇಗ ಒಡೆಯುತ್ತದೆ. ಥರ್ಮೋಸ್ಟ್ಯಾಟ್ ಮೇಲೆ ಜಿಡ್ಡು ಕೂತಿದ್ದರೆ ಅದನ್ನೂ ಒರೆಸಿ, ಜಿಡ್ಡಿನ ಹೊದಿಕೆಯೊಳಗಿನಿಂದ ಅದಕ್ಕೆ ಶಾಖ ತಡವಾಗಿ ಗೊತ್ತಾಗುತ್ತದೆ.

ಒರೆಸಿದ ಮೇಲೆ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ಬಿಡಿ. ಕೈ ಬಿಟ್ಟ ಮೇಲೂ ಒಂದೆರಡು ಸುತ್ತು ತಾನೇ ತಿರುಗಬೇಕು. ತಟಕ್ಕನೆ ನಿಂತರೆ ಅಥವಾ ಓಡುವಾಗ ಕಿರ್ರೆಂದರೆ ಮೋಟಾರ್‌ನ ಬುಷ್ ಒಣಗಿದೆ. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ ಒಂದು ಹನಿ ಸಾಕು, ಒಂದೇ ಹನಿ. ಕೊಬ್ಬರಿ ಎಣ್ಣೆ ಹಾಕಬೇಡಿ, ದಿನ ಕಳೆದಂತೆ ಅಂಟಾಗಿ ಮೊದಲಿಗಿಂತ ಕೆಟ್ಟದಾಗಿ ಹಿಡಿದುಕೊಳ್ಳುತ್ತದೆ. ಎಣ್ಣೆ ಹಾಕಿದ ಮೇಲೂ ರೆಕ್ಕೆಯ ಅಕ್ಷ ಅತ್ತಿತ್ತ ಅಲ್ಲಾಡಿದರೆ ಬುಷ್ ಸವೆದಿದೆ, ಮೋಟಾರ್ ಬದಲಿಸುವುದೇ ದಾರಿ.

ಫ್ಯಾನ್ ತಿರುಗುತ್ತದೆ, ಶಾಖ ಇಲ್ಲ

ಇದಕ್ಕೆ ಮಲ್ಟಿಮೀಟರ್ ಬೇಕು. ಬಳಸಿ ಅಭ್ಯಾಸವಿಲ್ಲದಿದ್ದರೆ ಹತ್ತಿರದ ಮಿಕ್ಸಿ ರಿಪೇರಿಯವರ ಬಳಿಗೆ ಒಯ್ಯಿರಿ, ಆದರೆ ಏನು ಕೇಳಬೇಕೆಂದು ತಿಳಿದು ಹೋಗಿ. ನಮ್ಮ ಬೀದಿಯ ರಿಪೇರಿಯವನು ಯಂತ್ರ ನೋಡಿದವನೇ "ಅಕ್ಕ, ಕಾಯಿಲ್ ಹೋಗಿದೆ, ಹೊಸದು ಹಾಕಬೇಕು" ಎಂದ. "ಅಣ್ಣ, ಮೊದಲು ಅಳೆದು ನೋಡೋಣ" ಎಂದೆ. ಅವನೂ ಒಪ್ಪಿ ಮೀಟರ್ ಹಿಡಿದ.

ಪ್ಲಗ್ ಕಿತ್ತಿರುವಾಗ, ಕಾಯಿಲ್‌ನ ಒಂದು ತುದಿಯ ವೈರ್ ಬಿಡಿಸಿ ಅಳೆಯಬೇಕು. 230 ವೋಲ್ಟ್‌ಗೆ ಮಾಡಿದ 500 ವ್ಯಾಟ್ ಕಾಯಿಲ್ ಸುಮಾರು 106 ಓಮ್ ತೋರಿಸಬೇಕು. ಬೇರೆ ವ್ಯಾಟ್ ಆದರೆ 230ನ್ನು 230ರಿಂದ ಗುಣಿಸಿ ವ್ಯಾಟ್‌ನಿಂದ ಭಾಗಿಸಿ, ಅದರ ಹತ್ತಿರ ಬಂದರೆ ಸಾಕು. ಮೀಟರ್ ಏನನ್ನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ನಮ್ಮದು 104 ತೋರಿಸಿತು, ಕಾಯಿಲ್ ಗಟ್ಟಿಯಾಗಿಯೇ ಇತ್ತು. ನಂತರ ಅದರ ದಾರಿಯಲ್ಲೇ ಇರುವ ಪುಟ್ಟ ಥರ್ಮಲ್ ಫ್ಯೂಸ್‌ನ ಎರಡೂ ತುದಿಗೆ ಮೀಟರ್ ಹಿಡಿದಾಗ ಬೀಪ್ ಬರಲಿಲ್ಲ, ಹೋಗಿದ್ದು ಅದೇ. ಕಾಯಿಲ್‌ನ ಬೆಲೆಯ ಬದಲು ಒಂದು ಫ್ಯೂಸ್‌ನಲ್ಲಿ ಕೆಲಸ ಮುಗಿಯಿತು.

ಫ್ಯೂಸ್ ವಿಷಯದಲ್ಲಿ ಎರಡು ಮಾತು, ದಯವಿಟ್ಟು ಕೇಳಿಸಿಕೊಳ್ಳಿ. ಅದರ ಮೈಮೇಲೆ ಬರೆದಿರುವ ಡಿಗ್ರಿ, ಆಂಪಿಯರ್ ಎರಡೂ ಹೊಂದುವ ಫ್ಯೂಸನ್ನೇ ಹಾಕಬೇಕು. ಹೆಚ್ಚಿನ ಡಿಗ್ರಿಯದು ಗಟ್ಟಿಮುಟ್ಟು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಫ್ಯೂಸ್ ಬಿಟ್ಟು ನೇರವಾಗಿ ವೈರ್ ಜೋಡಿಸಿಕೊಟ್ಟ ಯಂತ್ರವನ್ನು ನಾನು ನೋಡಿದ್ದೇನೆ. ರಾತ್ರಿಯಿಡೀ ಕಾವಲಿಲ್ಲದೆ ಓಡುವ, ಒಳಗೆ ಪ್ಲಾಸ್ಟಿಕ್ ತಟ್ಟೆಗಳಿರುವ ಯಂತ್ರ ಅದು. ಬೆಂಕಿಗೂ ಮನೆಗೂ ನಡುವೆ ಇರುವುದು ಆ ಫ್ಯೂಸ್ ಒಂದೇ. ಎರಡನೆಯದು, ಅದನ್ನು ಬೆಸುಗೆ ಹಾಕಿದರೆ ಬೆಸುಗೆಯ ಶಾಖಕ್ಕೇ ಹೋಗಿಬಿಡಬಹುದು, ಹಾಗಾಗಿ ಲೋಹದ ಕೊಳವೆ ಹಾಕಿ ಒತ್ತಿಸಿ ಜೋಡಿಸಲು ಹೇಳಿ. ಹೊಸ ಫ್ಯೂಸ್ ಹಾಕುವ ಮೊದಲು ಜಾಲರಿ, ಫ್ಯಾನ್ ಸ್ವಚ್ಛವಾಗಿರಲೇಬೇಕು, ಇಲ್ಲವಾದರೆ ಅದೂ ಉಳಿಯುವುದಿಲ್ಲ.

ಶಾಖ ಇದೆ, ಆದರೆ ಎಲ್ಲ ತಟ್ಟೆಗಳೂ ಸಮನಾಗಿ ನಿಧಾನ ಎನ್ನುವವರು ವೋಲ್ಟೇಜ್ ನೋಡಿ. ಸುತ್ತಲಿನ ತೋಟಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ವೋಲ್ಟೇಜ್ ಬೀಳುವುದು ಎಲ್ಲರಿಗೂ ಗೊತ್ತು. 230 ಇರಬೇಕಾದಲ್ಲಿ 190 ಬಂದರೆ 500 ವ್ಯಾಟ್‌ನ ಕಾಯಿಲ್ ಸುಮಾರು 340 ವ್ಯಾಟ್ ಮಾತ್ರ ಕೊಡುತ್ತದೆ, ಮೂರರಲ್ಲಿ ಒಂದು ಪಾಲು ಶಾಖ ಹೋದಂತೆ. ಯಂತ್ರದಲ್ಲಿ ದೋಷವೇ ಇಲ್ಲ. ಓಡಿಸುವ ಹೊತ್ತು ಬದಲಿಸಿ. ವೋಲ್ಟೇಜ್ ಸರಿಯಿದ್ದರೆ ನಡುವಿನ ತಟ್ಟೆಯಲ್ಲಿ ಥರ್ಮಾಮೀಟರ್ ಇಟ್ಟು 20 ನಿಮಿಷ ಖಾಲಿ ಓಡಿಸಿ. ಗುಂಡಿ ಹೇಳುವುದಕ್ಕೂ ಥರ್ಮಾಮೀಟರ್ ತೋರಿಸುವುದಕ್ಕೂ ಐದು ಡಿಗ್ರಿ ಆಚೀಚೆ ಆದರೆ ಚಿಂತಿಸಬೇಡಿ, ಹದಿನೈದು ಡಿಗ್ರಿ ಆದರೆ ಥರ್ಮೋಸ್ಟ್ಯಾಟ್ ಬದಲಿಸಿ.

ಹೊರಗೆ ಒಣಗಿ ಒಳಗೆ ಹಸಿ ಉಳಿಯುವುದು ಯಂತ್ರದ ದೋಷವಾಗಿರಬೇಕೆಂದಿಲ್ಲ. ಶುರುವಿನಲ್ಲೇ ಹೆಚ್ಚು ಶಾಖ ಕೊಟ್ಟರೆ ಟೊಮೆಟೊ, ಮಾವಿನಹಣ್ಣಿನ ಹೋಳಿನ ಮೇಲ್ಮೈ ಗಟ್ಟಿ ಚಿಪ್ಪಾಗಿ, ಒಳಗಿನ ನೀರು ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ. ಒಣಗಿದಂತೆ ಕಂಡರೂ ಡಬ್ಬಿಯಲ್ಲಿ ಬೂಷ್ಟು ಬರುತ್ತದೆ. ಹಣ್ಣು, ತರಕಾರಿಗೆ 55 ಡಿಗ್ರಿಯ ಆಸುಪಾಸು, ಕರಿಬೇವು, ನುಗ್ಗೆಸೊಪ್ಪಿಗೆ 40ರ ಒಳಗೆ ಸಾಕು. ಒಣಗಿದ್ದನ್ನು ಗಾಜಿನ ಬಾಟಲಿಗೆ ಹಾಕಿ ಒಂದು ವಾರ ದಿನಕ್ಕೊಮ್ಮೆ ಅಲುಗಿಸಿ ನೋಡಿ, ಒಳಗೋಡೆಯಲ್ಲಿ ನೀರಿನ ಹನಿ ಕಂಡರೆ ಮತ್ತೆ ಯಂತ್ರಕ್ಕೆ.

ತಟ್ಟೆಯ ಮೇಲಿನ ಬಿಳಿ ಯಾವುದು

ತೊಳೆದ ತಟ್ಟೆಯ ಮೇಲೂ ಬಿಳಿ ಉಳಿಯುತ್ತದೆ ಎಂದು ಅನೇಕರು ಕೇಳುತ್ತಾರೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಅದರ ಸುಣ್ಣ ಜಾಲರಿಯ ಕಣ್ಣುಗಳಲ್ಲಿ ಕೂರುತ್ತದೆ. ಆದರೆ ಎಲ್ಲ ಬಿಳಿಯೂ ಸುಣ್ಣವಲ್ಲ. ಒದ್ದೆ ಬೆರಳಲ್ಲಿ ಉಜ್ಜಿದರೆ ಕರಗಿ ಹೋಗುವುದು ಉಪ್ಪು. ನಿಂಬೆರಸದ ಹನಿ ಬಿಟ್ಟರೆ ಸಣ್ಣಗೆ ನೊರೆಯೇಳುವುದು ಸುಣ್ಣ. ಎರಡಕ್ಕೂ ಬಗ್ಗದೆ, ನಯವಾದ ರೋಮದಂತೆ ಕಂಡು ಮುಗ್ಗುಲು ವಾಸನೆ ಬಂದರೆ ಅದು ಬೂಷ್ಟು, ಆ ಸರದಿಯಲ್ಲಿ ಒಣಗಿಸಿದ್ದೆಲ್ಲವನ್ನೂ ಎಸೆಯಿರಿ. ಸುಣ್ಣಕ್ಕೆ ಒಂದು ಬಕೆಟ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಬೂಷ್ಟು ಬಂದ ತಟ್ಟೆಯನ್ನು ಸೋಪು ಹಾಕಿ ಉಜ್ಜಿ ತೊಳೆದು, ಪೂರ್ತಿ ಆರಿಸಿ, ಆಮೇಲೆ ಬಳಸಿ.

ಕಲೆಗೆ ತಕ್ಕ ನೀರು ಬೇಕು. ಮಜ್ಜಿಗೆ, ಸಂಡಿಗೆ ಹಿಟ್ಟಿನ ಕಲೆಯನ್ನು ಮೊದಲು ತಣ್ಣೀರಲ್ಲೇ ನೆನೆಸಿ. ಬಿಸಿನೀರು ಸುರಿದರೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಮಾವು, ಬಾಳೆ, ಸಪೋಟದ ಸಕ್ಕರೆ ಪಾಕಕ್ಕೆ ಬೆಚ್ಚಗಿನ ನೀರೇ ಬೇಕು. ಮೆಣಸಿನಕಾಯಿಯ ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ: ತಟ್ಟೆಗೆ ಸ್ವಲ್ಪ ಅಡುಗೆ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯಿರಿ, ಕೈಗೆ ಗ್ಲೌಸ್ ಇರಲಿ. ಹೀಗೆ ಮಾಡದೆ ಮರುದಿನ ಅದೇ ತಟ್ಟೆಯಲ್ಲಿ ಬಾಳೆಹಣ್ಣು ಒಣಗಿಸಿ ಮಕ್ಕಳಿಗೆ ಕೊಟ್ಟವರ ಮನೆಯ ಅಳು ಕೇಳಿದ್ದೇನೆ. ತೊಳೆದ ತಟ್ಟೆಗಳನ್ನು ನೆರಳಲ್ಲಿ ಆರಿಸಿ. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಅಂಚು ಬಿರಿಯುತ್ತದೆ. ಆಗಾಗ ಒಂದೊಂದನ್ನೂ ಕಡಪ ಕಲ್ಲಿನ ಮೇಲಿಟ್ಟು ಮೂಲೆ ಒತ್ತಿ ನೋಡಿ, ಟಕಟಕ ಎಂದರೆ ಸೊಟ್ಟಗಾಗಿದೆ. ಅಂಥದ್ದನ್ನು ಎಲ್ಲಕ್ಕಿಂತ ಮೇಲಿಡಿ, ಸೋರಿದರೂ ಅಲ್ಲಿ ನಷ್ಟ ಕಡಿಮೆ.

ಸ್ಟೀಲ್ ಮೈಯ ಯಂತ್ರ ಮುಟ್ಟಿದರೆ ಜುಮ್ಮೆಂದರೆ ತಕ್ಷಣ ಪ್ಲಗ್ ಕೀಳಿ, ಅರ್ತ್ ಪರೀಕ್ಷಿಸುವವರೆಗೆ ಬಳಸಬೇಡಿ. ನಮ್ಮ ಕಡೆಯ ಒಣ ನೆಲದಲ್ಲಿ ಅರ್ತ್ ಗುಂಡಿ ಬೇಸಿಗೆಯಲ್ಲಿ ಬತ್ತಿ ಕೆಲಸ ಮಾಡದಿರುವುದುಂಟು, ಅದಕ್ಕೆ ಆಗಾಗ ನೀರು ಹಾಕಬೇಕು. ಬಹಳ ದಿನ ಮೂಲೆಯಲ್ಲಿದ್ದ ಯಂತ್ರ ಹಾಕಿದೊಡನೆ ಮನೆಯ ಟ್ರಿಪ್ ಸ್ವಿಚ್ ಬಿದ್ದರೆ ಒಳಗೆ ತೇವ ಸೇರಿರಬಹುದು. ತಳವನ್ನು ಎರಡು ದಿನ ಒಣ ಜಾಗದಲ್ಲಿಟ್ಟು ನೋಡಿ, ಮತ್ತೆ ಬಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸಕ್ಕರೆ ಪಾಕ ಬಿದ್ದ ತಳಕ್ಕೆ ಇರುವೆ, ಜಿರಲೆ ಬರುತ್ತವೆ, ಜಿರಲೆಗಳು ಬೆಚ್ಚಗಿನ ಸರ್ಕ್ಯೂಟ್ ಬೋರ್ಡ್ ಹಿಂದೆ ಮೊಟ್ಟೆ ಇಡುತ್ತವೆ. ಈರುಳ್ಳಿಯ ವಾಸನೆ ಹೋಗದಿದ್ದರೆ ತಟ್ಟೆಗಳನ್ನು ಅಡುಗೆ ಸೋಡಾ ನೀರಲ್ಲಿ ರಾತ್ರಿ ನೆನೆಸಿ, ಯಂತ್ರವನ್ನು ಅರ್ಧ ಗಂಟೆ ಖಾಲಿ ಓಡಿಸಿ.

ಫ್ಯೂಸ್ ಹಾಕಿ, ತಳ ಮುಚ್ಚಿದ ಸಂಜೆ ಮತ್ತೆ ಆ ಐದು ಬಟ್ಟೆ ತುಂಡುಗಳನ್ನು ತೂಗಿದೆ. ಕೆಳಗಿನದು 38ರಿಂದ 12 ಗ್ರಾಂಗೆ, ಮೇಲಿನದು 19ಕ್ಕೆ ಇಳಿದಿತ್ತು. ದಾರದ ಎಳೆ ಕಿಂಡಿಯ ಮೇಲೆ ಎದ್ದು ನಿಂತಿತು. ಗುಂಡಿಯನ್ನು 55ಕ್ಕೇ ಇಟ್ಟು ಉಳಿದ ಕಾಯಿ ಹಾಕಿದೆ, ಬೆಳಗ್ಗೆ ಐದೂವರೆಗೆ ಅತ್ತೆ ಮೇಲಿನ ತಟ್ಟೆಯಿಂದ ಒಂದನ್ನು ತೆಗೆದು ಮುರಿದಾಗ ಅಡುಗೆಮನೆಯ ಆಚೆಗೂ ಕೇಳಿಸಿತು. ಈಗ ಮಜ್ಜಿಗೆ ತೊಟ್ಟಿಕ್ಕುವ ಕಾಯಿಯನ್ನು ಒಂದು ಗಂಟೆ ಬಟ್ಟೆಯ ಮೇಲೆ ಸೋರಲು ಬಿಟ್ಟೇ ತಟ್ಟೆಗೆ ಹಾಕುತ್ತೇವೆ, ಪ್ರತಿ ಅಮಾವಾಸ್ಯೆಗೆ ಮನೆ ಸಾರಿಸುವ ದಿನ ಯಂತ್ರದ ತಳ ತಿರುಗಿಸಿ ಜಾಲರಿಗೂ ಬ್ರಷ್ ಹಾಕುತ್ತೇವೆ.